ಚಿತ್ರಕೃಪೆ: ಅಂತರ್ಜಾಲ

ಕನ್ನಡದ ಪುಸ್ತಕ, ಪತ್ರಿಕೆ, ಬ್ಲಾಗುಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಲಾವಿದನ ಹೆಸರು ‘ಅಂತರ್ಜಾಲ’. ಎಲ್ಲಾ ಶೈಲಿಯಲ್ಲೂ ಬರೀತಾನೆ ಪುಣ್ಯಾತ್ಮ, ಸಂಭಾವನೆ ಮಾತ್ರ ಕೇಳಲ್ಲ. ಅಲ್ಲ ಸ್ವಾಮಿ, ಅಂತರ್ಜಾಲ ಎಲ್ಲಾದರೂ ಕುಂಚ ಹಿಡಿಯುತ್ತಾ? ಸಂತೆಯಲ್ಲಿ ಕುಂಬಳಕಾಯಿ ಕದ್ದು ಅದಕ್ಕೆ ‘ಕೃಪೆ: ಸಂತೆ’ ಅಂತ ಚೀಟಿ ಅಂಟಿಸಿದರೆ ಬೆಳೆದ ರೈತ ಸುಮ್ಮನಿರ್ತಾನಾ?

ಕೇಳಿ ಬರೆಸುವವರದು ಇನ್ನೊಂದು ಕಥೆ. ‘ಸಣ್ಣದೊಂದು ಮುಖಪುಟ, ನಿಮಗೆ ಹತ್ತು ನಿಮಿಷದ ಕೆಲಸ. ದುಡ್ಡು ಅಂತ ಇಲ್ಲ, ಹೆಸರು ಬರುತ್ತೆ.’ ಇದೇ ಮಾತನ್ನು ಪ್ರೆಸ್ಸಿನವರಿಗೆ, ಕಾಗದದ ಅಂಗಡಿಯವರಿಗೆ ಹೇಳಿ ನೋಡಿ!

ಆ ಹತ್ತು ನಿಮಿಷದಲ್ಲಿ ಏನೇನಿದೆ ಗೊತ್ತಾ? ಮೊದಲು ಹಸ್ತಪ್ರತಿ ಓದಬೇಕು. ನಾಲ್ಕಾರು ಕರಡು ಬರೆದು, ಒಪ್ಪಿದ್ದಕ್ಕೆ ಪೆನ್ಸಿಲ್ ರೇಖೆ, ಇಂಕು, ಆಮೇಲೆ ಬಣ್ಣ. ಪರದೆಯ ಮೇಲೆ ಮಿಂಚುವ ಹಸಿರು ಅಚ್ಚಿನ ನಾಲ್ಕು ಶಾಯಿಗಳಲ್ಲಿ ಮಂಕಾಗುತ್ತೆ, ಅದನ್ನು ಮೊದಲೇ ಲೆಕ್ಕ ಹಾಕಬೇಕು. ಅಂಚು ಕತ್ತರಿಸಿದಾಗ ಬಿಳಿ ಗೆರೆ ಉಳಿಯದಂತೆ ಸುತ್ತಲೂ 3 ಮಿ.ಮೀ. ಹೆಚ್ಚು ಬರೆಯಬೇಕು. ಎಲ್ಲ ಮುಗಿದ ಮೇಲೆ ಫೋನು: ‘ಪುಸ್ತಕಕ್ಕೆ ಇನ್ನೂ 40 ಪುಟ ಸೇರಿದೆ.’ ಅಂದರೆ ಪುಸ್ತಕದ ಬೆನ್ನು ದಪ್ಪವಾಯ್ತು, ಮುಖಪುಟವನ್ನು ಮತ್ತೆ ಜೋಡಿಸಬೇಕು. ಇದೂ ‘ಸಣ್ಣ ಚೇಂಜ್’!

ನಾನು ಸಾಫ್ಟ್‌ವೇರ್ ಕೆಲಸದವನು. ಕ್ಲೈಂಟ್ ಒಂದು ಬಟನ್ ಸೇರಿಸಿ ಅಂದರೂ ನಮ್ಮಲ್ಲಿ ಚೇಂಜ್ ರಿಕ್ವೆಸ್ಟ್ ಏಳುತ್ತೆ, ಗಂಟೆಗಳ ಲೆಕ್ಕ ಹೋಗುತ್ತೆ, ಬಿಲ್ ಆಗುತ್ತೆ. ಅದನ್ನು ಪ್ರೊಫೆಷನಲ್ ಅಂತಾರೆ. ನಮ್ಮೂರ ಗಾರೆ ಮೇಸ್ತ್ರಿಗೆ, ಕಟ್ಟಿದ ಗೋಡೆ ಒಡೆದು ಒಂದಡಿ ಸರಿಸಿ ಕಟ್ಟು ಅಂದರೆ ಮತ್ತೆ ಕೂಲಿ ಕೇಳ್ತಾನೆ, ಕೊಡ್ತೀವಿ. ಅದೇ ಮಾತನ್ನು ಚಿತ್ರ ಬರೆಯುವ ಹುಡುಗಿ ಆಡಿದರೆ ‘ಕಲೆಯನ್ನ ವ್ಯಾಪಾರಕ್ಕಿಟ್ಟಿದ್ದಾಳೆ’ ಅಂತೀವಿ. ತಿಂಗಳಾದರೆ ಅಕೌಂಟಿಗೆ ಸಂಬಳ ಬೀಳುವ ನಾವು ಅವಳಿಗೆ ಕಲಾಸೇವೆಯ ಪಾಠ ಹೇಳೋದಾ?

‘ಕನ್ನಡ ಪುಸ್ತಕ ಖರ್ಚಾಗೋದೇ ಕಷ್ಟ’ ಅಂತೀರಿ. ಒಪ್ಪಿದೆ. ಹಾಗಾದರೆ ಕಡಿಮೆ ಕೊಡ್ತೀವಿ ಅಂತ ಮೊದಲೇ ಹೇಳಿ, ಕಡಿಮೆ ಕೆಲಸ ಕೇಳಿ. ಕಪ್ಪುಬಿಳುಪಿನ ಒಂದು ರೇಖಾಚಿತ್ರ ಸಾಕು. ಬಡತನ ನಿಮ್ಮದು, ಉಪವಾಸ ಅವಳದು ಅನ್ನೋದು ಯಾವ ನ್ಯಾಯ?

ಇನ್ನು ಆ ‘ಹೆಸರು’. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರದ್ದೇ. ಅಂದಮೇಲೆ ಹೆಸರು ಹಾಕುವುದು ನೀವು ಕೊಡುವ ಸಂಭಾವನೆಯಲ್ಲ, ಅದು ಅವಳದೇ ಸೊತ್ತು. 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಕಾಣಿಸದಿದ್ದರೆ ಐದೇ ವರ್ಷ ಎಂದು ಲೆಕ್ಕ. ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತಿಸಿಕೊಂಡು ‘ಚಿತ್ರ ಇನ್ನು ನಮ್ಮದು’ ಅನ್ನುವವರು ಇದನ್ನೊಮ್ಮೆ ಓದಿಕೊಳ್ಳಲಿ.

ಚಿತ್ರ ಬರೆಯುವ ಗೆಳೆಯ ಗೆಳತಿಯರೇ, ನೀವೂ ಸಂಕೋಚ ಬಿಡಿ. ದರ ಎಷ್ಟು, ಮುಂಗಡ ಎಷ್ಟು, ಎಷ್ಟು ಸಲ ತಿದ್ದಿಕೊಡ್ತೀರಿ, ದುಡ್ಡು ಯಾವ ತಾರೀಕಿಗೆ — ಈ ನಾಲ್ಕನ್ನು ಕಾಗದದ ಮೇಲೆ ಹಾಕದೆ ಒಂದು ಗೆರೆಯನ್ನೂ ಎಳೀಬೇಡಿ. ಬರೆಸುವವರಿಗೆ ಹೇಳುವುದು ಇಷ್ಟೇ: ನಿಮ್ಮ ಕೃಪೆ ಯಾರಿಗೂ ಬೇಕಿಲ್ಲ, ಕೂಲಿ ಕೊಡಿ.