ಮಂತ್ರಿಗಳು ಕೊಡುವ ಉತ್ತರ

ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ಕೇಳುವವರು ದೊಡ್ಡವರು. ಉತ್ತರ ಬರೆಯುವವರು ಚಿಕ್ಕವರು. ಲೋಕಸಭೆಯಲ್ಲಿ ದಿನಕ್ಕೊಂದು ತಾಸಿನ ಮಟ್ಟಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಮುಂಜಾನೆ ಹನ್ನೊಂದು ಹೊಡೆಯಿತೆಂದರೆ, ರಾಜ್ಯಭಾರದ ಸೂತ್ರ ಹಿಡಿದ ಮಂತ್ರಿಗಳು ಎದ್ದುನಿಂತು, ಯಾವ ಅಧಿಕಾರವೂ ಇಲ್ಲದ ಸದಸ್ಯರಿಗೆ ಉತ್ತರ ಹೇಳಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಇದನ್ನು ಪೌರನೀತಿಯ ಪುಸ್ತಕದಲ್ಲಿ ಓದಿ, ಎರಡು ಅಂಕಗಳಿಗೆ ಬರೆದು, ಮರೆತುಬಿಡುವುದುಂಟು. ಇದು ಎರಡು ಅಂಕಗಳಷ್ಟು ಸಣ್ಣ ಸಂಗತಿಯಲ್ಲವೆಂದು ನಮ್ಮ ಅಭಿಪ್ರಾಯ. ದುಡಿಯುವವರ ಹಕ್ಕು ಮತ್ತು ಪ್ರಾಣರಕ್ಷಣೆಯ ವಿಷಯದಲ್ಲಂತೂ ಪ್ರಶ್ನೆಯ ಒಂದು ಶಬ್ದ ಆಚೀಚೆಯಾದರೆ ನೂರಾರು ಸಾವುಗಳು ಲೆಕ್ಕದಿಂದಲೇ ಜಾರಿಹೋಗುತ್ತವೆ.

ಈ ಅಧಿಕಾರ ನಮಗೆ ಸುಲಭವಾಗಿ ದೊರೆತುದಲ್ಲ. ಬ್ರಿಟಿಷರ ಆಳಿಕೆಯಲ್ಲಿ 1892ರ ಶಾಸನವು ಶಾಸನಸಭೆಯ ಸದಸ್ಯರಿಗೆ ಮೊದಲ ಬಾರಿ ಪ್ರಶ್ನೆ ಕೇಳಲು ಅವಕಾಶವಿತ್ತಿತು. 1893ರಲ್ಲಿ ಭಿಂಗಾದ ರಾಜರು ಕೇಳಿದ ಮೊತ್ತಮೊದಲ ಪ್ರಶ್ನೆ, ಸರ್ಕೀಟಿಗೆ ಬರುವ ಅಧಿಕಾರಿಗಳಿಗೆ ದವಸಧಾನ್ಯ ಒದಗಿಸುವುದರಲ್ಲಿ ಹಳ್ಳಿಯ ಅಂಗಡಿಕಾರರು ಪಡುವ ಕಷ್ಟವನ್ನು ಕುರಿತದ್ದು. ಕೇಳಿದವರು ರಾಜರು, ಕೇಳಿದ್ದು ಬಡ ಅಂಗಡಿಯವನ ಸಲುವಾಗಿ! ಆದರೆ ಬಂದ ಉತ್ತರದ ಮೇಲೆ ಮರುಪ್ರಶ್ನೆ ಹಾಕುವ ಹಕ್ಕು ಆಗ ಇರಲಿಲ್ಲ. ಅದು 1909ರಲ್ಲಿ ಮೂಲಪ್ರಶ್ನೆ ಕೇಳಿದವರಿಗೆ ಮಾತ್ರ ದೊರೆಯಿತು. 1919ರ ಸುಧಾರಣೆಗಳಿಂದ ಉಳಿದ ಸದಸ್ಯರಿಗೂ ವಿಸ್ತರಿಸಿತು.

ಈ ಮರುಪ್ರಶ್ನೆಯೇ ಇಡೀ ಏರ್ಪಾಡಿನ ಜೀವಾಳ. ಸಂಸತ್ತಿನಲ್ಲಿ ಪ್ರಶ್ನೆಗಳು ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಿಂದ ಉತ್ತರಿಸಬೇಕು; ಅದರ ಬೆನ್ನಿಗೇ ಉಪಪ್ರಶ್ನೆಗಳು ಬರುತ್ತವೆ. (ನೆರೆಯ ಮರಾಠಿ ಶಾಲೆಯ ಗೆಳೆಯರು ಇದನ್ನೇ ‘ತಾರಾಂಕಿತ’ ಎನ್ನುತ್ತಾರೆ, ಅವರ ಶಬ್ದದಲ್ಲಿ ಸ್ವಲ್ಪ ಆಕಾಶವಿದೆ, ನಮ್ಮದರಲ್ಲಿ ಶಾಯಿ!) ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ಹೆಚ್ಚಿನ ಉತ್ತರಗಳು ಮರುಮಾತಿಲ್ಲದೆ ಕಾಗದದಲ್ಲಿಯೇ ಉಳಿಯುತ್ತವೆ.

2020ರ ಬೇಸಗೆ ನಮ್ಮ ನಗರಗಳಲ್ಲಿರುವವರಿಗೆ ಮರೆಯುವಂತಹದಲ್ಲ. ಸಾಂಕ್ರಾಮಿಕದ ದಿಗ್ಬಂಧನದಿಂದ ಕೆಲಸ ತಪ್ಪಿದ ಕೂಲಿಕಾರರು ಹೆಂಡಿರು ಮಕ್ಕಳೊಡನೆ ನಡೆದು ಊರ ಹಾದಿ ಹಿಡಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ ಮೌಖಿಕ ಪ್ರಶ್ನೋತ್ತರವನ್ನೇ ಕೈಬಿಡಲಾಗಿತ್ತು. ಲಿಖಿತ ಉತ್ತರಗಳು ಮಾತ್ರ ಉಳಿದಿದ್ದವು. ಹಾದಿಯಲ್ಲಿ ಮಡಿದ ವಲಸೆ ಕಾರ್ಮಿಕರೆಷ್ಟು, ಅವರ ಕುಟುಂಬಗಳಿಗೆ ಪರಿಹಾರ ದೊರೆಯಿತೆ ಎಂದು ಲೋಕಸಭೆಯಲ್ಲಿ ಕೇಳಲಾಯಿತು. ಅಂತಹ ಅಂಕಿಅಂಶಗಳನ್ನು ಇಟ್ಟಿಲ್ಲ, ಆದುದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲವೆಂದು ಕಾರ್ಮಿಕ ಇಲಾಖೆ ಸೆಪ್ಟೆಂಬರ್ 14ರಂದು ಉತ್ತರಿಸಿತು. ಊರಿಗೆ ಮರಳಿದವರು ಒಂದು ಕೋಟಿ ನಾಲ್ಕು ಲಕ್ಷಕ್ಕೂ ಮಿಕ್ಕಿದ್ದರೆಂಬ ಲೆಕ್ಕ ಮಾತ್ರ ಅದೇ ಇಲಾಖೆಯಲ್ಲಿತ್ತು. ಮರಳಿದವರ ಲೆಕ್ಕ ಉಂಟು, ಮರಳದವರದು ಇಲ್ಲ.

ಅದೇ ವಾರ ರಾಜ್ಯಸಭೆಯಲ್ಲಿ ಪ್ರಶ್ನೆಯೊಂದು ಕೇವಲ ಶ್ರಮಿಕ ವಿಶೇಷ ರೈಲುಗಳಲ್ಲಿ ಸತ್ತವರನ್ನು ಕುರಿತು ಬಂದಿತು. ಸೆಪ್ಟೆಂಬರ್ 9ರವರೆಗೆ 97 ಮಂದಿ ಎಂದು ರೈಲ್ವೆ ಮಂತ್ರಿಗಳು ಸಂಖ್ಯೆ ಕೊಟ್ಟರು. ಸರಕಾರ ಅದೇ, ವಾರ ಅದೇ. ಹಾದಿ ಯಾರ ಇಲಾಖೆಗೂ ಸೇರಿರಲಿಲ್ಲ. ರೈಲು ಒಂದು ಇಲಾಖೆಗೆ ಸೇರಿತ್ತು. ವ್ಯಾಪ್ತಿ ಕಿರಿದಾದ ಪ್ರಶ್ನೆ ನುಸುಳಿ ಹೋಗಲು ಎಡೆಗೊಡಲಿಲ್ಲ.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಉದಾಹರಣೆ ಮರುವರ್ಷದ್ದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಿಷೇಧಿಸಲಾಯಿತು. ಕೇಂದ್ರದ ಶಾಸನಗಳು 1993ರಲ್ಲಿಯೂ 2013ರಲ್ಲಿಯೂ ಬಂದವು. 2021ರ ಫೆಬ್ರುವರಿಯಲ್ಲಿ ಸರಕಾರವು, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳನ್ನು ಶುಚಿಗೊಳಿಸುವಾಗ ಐದು ವರ್ಷಗಳಲ್ಲಿ 340 ಮಂದಿ ಸತ್ತರೆಂದು ಲೋಕಸಭೆಗೆ ತಿಳಿಸಿತು. ಅದೇ ಜುಲೈಯಲ್ಲಿ ರಾಜ್ಯಸಭೆಯ ಕರ್ನಾಟಕದ ಸದಸ್ಯರಾದ ಮಲ್ಲಿಕಾರ್ಜುನ ಖರ್ಗೆಯವರೂ ಎಲ್. ಹನುಮಂತಯ್ಯನವರೂ ಮಲ ಹೊರುವ ಕೆಲಸದಲ್ಲಿ ಸತ್ತವರೆಷ್ಟೆಂದು ಕೇಳಿದರು. ಅಂತಹ ಯಾವ ಸಾವೂ ವರದಿಯಾಗಿಲ್ಲವೆಂದು ರಾಜ್ಯಮಂತ್ರಿ ರಾಮದಾಸ ಅಠವಳೆಯವರು ಲಿಖಿತ ಉತ್ತರವಿತ್ತರು.

ಫೆಬ್ರುವರಿಯ 340 ಮಂದಿ ಜುಲೈಯಲ್ಲಿ ಎಲ್ಲಿ ಹೋದರು? ಎಲ್ಲಿಯೂ ಹೋಗಲಿಲ್ಲ, ಬೇರೆ ಶಬ್ದದೊಳಗೆ ಇದ್ದರು. 2013ರ ಶಾಸನವು ಕೈಯಿಂದ ಮಲ ಬಳಿಯುವುದನ್ನು ಒಂದು ಕಲಮಿನಲ್ಲಿಯೂ, ರಕ್ಷಣೆಯ ಸಾಧನವಿಲ್ಲದೆ ಮೋರಿಯೊಳಗೆ ಇಳಿಸುವುದನ್ನು ‘ಅಪಾಯಕಾರಿ ಶುಚಿಕಾರ್ಯ’ ಎಂದು ಇನ್ನೊಂದರಲ್ಲಿಯೂ ವಿವರಿಸುತ್ತದೆ. ಕೇಳಿದ್ದು ಮೊದಲನೆಯದನ್ನು, ಸತ್ತದ್ದು ಎರಡನೆಯದರಲ್ಲಿ. ಶಾಸನದ ಅಕ್ಷರಕ್ಕೆ ಉತ್ತರ ಸರಿಯಾಗಿಯೇ ಇತ್ತು. ಆದರೆ ಕೇಳಿದವರ ಅಭಿಪ್ರಾಯ ಉತ್ತರ ಕೊಟ್ಟವರಿಗೆ ತಿಳಿದಿರಲಿಲ್ಲವೆಂದು ನಂಬುವುದು ನಮಗೆ ಕಷ್ಟ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಉತ್ತರಕ್ಕಿಂತ, ‘ನೀವು ಕೇಳಿದ ಬಗೆಯಲ್ಲಿ ಇಲ್ಲ, ಇನ್ನೊಂದು ಬಗೆಯಲ್ಲಿ ಇಷ್ಟು’ ಎಂಬ ಒಂದು ವಾಕ್ಯ ಮಂತ್ರಿಪದವಿಗೆ ಹೆಚ್ಚಿನ ಶೋಭೆ ತರುತ್ತಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು’ ಎಂದು ಮಂತ್ರಿಗಳು ಹೇಳಿದರೆ ಅದು ವಾಗ್ದಾನವಾಗುತ್ತದೆ. ಅಂತಹ ಮಾತುಗಳನ್ನು ಬರೆದಿಟ್ಟು, ಮೂರು ತಿಂಗಳೊಳಗೆ ನಡೆಯಿತೇ ಎಂದು ವಿಚಾರಿಸಲು ಲೋಕಸಭೆಯಲ್ಲಿ 1953ರಿಂದ ಸರಕಾರಿ ಭರವಸೆಗಳ ಸಮಿತಿಯಿದೆ. ‘ಮಾಹಿತಿ ಇಲ್ಲ’ ಎಂದವರನ್ನು ಆ ಸಮಿತಿ ಏನೆಂದು ಕೇಳೀತು? ಮಾತು ಕೊಟ್ಟವನಿಗೆ ಬಂಧನವುಂಟು. ಬರಿಗೈ ತೋರಿಸಿದವನಿಗೆ ಇಲ್ಲ.

ಹಾಗೆಂದು ಪ್ರಶ್ನೆ ಕೇಳುವುದೇ ವ್ಯರ್ಥವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದೇ 2021ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಜಾತಿವಾರು ಲೆಕ್ಕ ಕೇಳಲಾಯಿತು. ಗುರುತಿಸಲಾದ 58,098 ಮಲ ಹೊರುವವರಲ್ಲಿ ಜಾತಿಯ ವಿವರ ದೊರೆತವರು 43,797; ಅವರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರೆಂದು ಉತ್ತರ ಬಂದಿತು. ಎಲ್ಲರೂ ಬಲ್ಲ, ಆದರೂ ವಾದದಲ್ಲಿ ಅಲ್ಲಗಳೆಯಲಾಗುತ್ತಿದ್ದ ಸತ್ಯ ಸರಕಾರದ ಕಾಗದದ ಮೇಲೆಯೇ ಅಚ್ಚಾಯಿತು. ಇನ್ನು ಯಾವ ಮಂತ್ರಿಗೂ ಅದನ್ನು ಅಳಿಸಲಾಗದು.

ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಇದೇ ಕಸುಬಿನ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಸಂಗಡಿಗರೊಡನೆ ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅವರ ಸಂಘಟನೆ ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು. 2023ರ ಇನ್ನೊಂದು ತೀರ್ಪಿನಲ್ಲಿ ಅದು 30 ಲಕ್ಷವಾಯಿತು. ಹಣ ಸತ್ತ ಮೇಲಿನ ಮಾತು. ಇಳಿಸಿದವನಿಗೆ ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆಮನೆ, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಶಾಸನದಲ್ಲಿದೆ.

ಆ ಜುಲೈಯ ದಿನ ರಾಜ್ಯಸಭೆಯಲ್ಲಿ ಉಪಪ್ರಶ್ನೆಗೆ ಎಡೆಯಿರಲಿಲ್ಲ, ಉತ್ತರ ಲಿಖಿತವಾಗಿತ್ತು. ಎಡೆಯಿದ್ದಿದ್ದರೆ ಕೇಳಬೇಕಾಗಿದ್ದುದು ನಮ್ಮ ಎಣಿಕೆಯಲ್ಲಿ ಇಷ್ಟೇ: ಫೆಬ್ರುವರಿಯಲ್ಲಿ ತಾವೇ ಒಪ್ಪಿದ ಆ 340 ಜನರನ್ನು ಮೋರಿಗೆ ಇಳಿಸಿದವರು ಯಾರು ಯಾರು, ಅವರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಗಿದೆ?