ಮುಳ್ಳು ಸುಮ್ಮನಿದೆ, ಎಂಜಿನ್ ಸುಡುತ್ತಿದೆ!

ಸೋಮೇಶ್ವರ ಬಿಟ್ಟು ಆಗುಂಬೆ ಘಾಟಿ ಹತ್ತುವ ಮಿನಿ ಬಸ್ಸುಗಳಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ಒಟ್ಟು 14 ತಿರುವು. ಅರ್ಧ ದಾರಿಯಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. "ಹೀಟಾಗಿದೆ ಕಣ್ರೀ, ಎಲ್ರೂ ಸ್ವಲ್ಪ ಇಳ್ಕೊಳಿ" ಅಂತಾನೆ ಕಂಡಕ್ಟರ್. ಕ್ಲೀನರ್ ಹುಡುಗ ಕ್ಯಾನು ಹಿಡಿದು ನೀರು ಹುಡುಕಲು ಹೊರಡುತ್ತಾನೆ. ಆಸ್ಪತ್ರೆಗೆ ಹೊರಟವರು, ಕೋರ್ಟಿನ ವಾಯಿದೆಗೆ ಹೊರಟವರು, ಮಗು ಎತ್ತಿಕೊಂಡ ತಾಯಂದಿರು ರಸ್ತೆ ಬದಿಯ ಕಟ್ಟೆಯ ಮೇಲೆ ಕೂರಬೇಕು. ಮಲ್ಪೆಯಿಂದ ಮೀನು ಹೊತ್ತ ಟೆಂಪೋ ಹೀಗೆ ನಿಂತರಂತೂ ಕೇಳುವುದೇ ಬೇಡ. ಇಲ್ಲಿ ಐಸ್ ಕರಗುತ್ತದೆ, ತೀರ್ಥಹಳ್ಳಿಯ ಅಂಗಡಿಯವನ ಆ ದಿನದ ವ್ಯಾಪಾರ ಮುಗಿಯುತ್ತದೆ.

ಆಗ ಎಲ್ಲರ ಬೈಗುಳವೂ ಡ್ರೈವರ್ ತಲೆಗೇ. "ಮೀಟರ್ ನೋಡ್ಲಿಲ್ವೇನಯ್ಯಾ?" ನೋಡಿದ್ದ ಪಾಪ. ಮುಳ್ಳು ನಡುವಿನಲ್ಲೇ ಇತ್ತು. ಆತ ಸುಳ್ಳು ಹೇಳುತ್ತಿಲ್ಲ, ಮೀಟರೇ ಸುಳ್ಳು ಹೇಳಿತ್ತು!

ಇದು ಹೇಗೆ ಅಂದರೆ, ಬಿಸಿ ಅಳೆಯುವ ಸೆನ್ಸರ್ ಇರುವುದು ಎಂಜಿನ್ನಿನ ನೀರಿನ ದಾರಿಯಲ್ಲಿ. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಹೋಸ್ ಪೈಪ್ ಒಡೆದು ನೀರೆಲ್ಲ ಸೋರಿಹೋದರೆ ಅದರ ಸುತ್ತ ಉಳಿಯುವುದು ಬರೀ ಗಾಳಿ, ಹಬೆ. ನೀರು ಮುಟ್ಟಿಸಿದಷ್ಟು ಬಿಸಿಯನ್ನು ಗಾಳಿ ಮುಟ್ಟಿಸುವುದಿಲ್ಲ. ಒಳಗೆ ಹೆಡ್ ಕಾದು ಕೆಂಡವಾಗುತ್ತಿದ್ದರೂ ಹೊರಗೆ ಮುಳ್ಳು ಸಾಧುವಿನಂತೆ ಕೂತಿರುತ್ತದೆ. ಎಷ್ಟೋ ಸಲ ಮುಳ್ಳು ಇಳಿಯುವುದೂ ಉಂಟು. ಗೊತ್ತಾಗುವ ಹೊತ್ತಿಗೆ ಗ್ಯಾಸ್ಕೆಟ್ ಹೋಗಿರುತ್ತದೆ, ಹೆಡ್ ಬೆಂಡ್ ಆಗಿರುತ್ತದೆ. ಗ್ರಹಚಾರ ಕೆಟ್ಟಿದ್ದರೆ ಪಿಸ್ಟನ್ ಹಿಡಿದು ಎಂಜಿನ್ನೇ ಸೀಜ್!

ಆದ್ದರಿಂದ ಬೇಕಾದದ್ದು ಬಿಸಿ ಹೇಳುವ ಮುಳ್ಳು ಮಾತ್ರವಲ್ಲ, ನೀರು ಇಳಿದ ಕ್ಷಣವೇ ಕೂಗುವ ಗಂಟೆ. ಬಿಸಿ ಏರುವುದಕ್ಕೆ ಮೊದಲೇ ಅದು ಕೂಗುತ್ತದೆ. ಹೊಸ ಗಾಡಿಗಳಲ್ಲಿ ಅನೇಕಕ್ಕೆ ಇದು ಕಂಪನಿಯಿಂದಲೇ ಬರುತ್ತದೆ. ಹಳೆಯ ಮಿನಿ ಬಸ್ಸು, ಟೆಂಪೋಗಳ ಪಾಡೇನು? ಊರಿನ ಆಟೋ ಎಲೆಕ್ಟ್ರಿಷಿಯನ್ನೇ ಕೂರಿಸಬಲ್ಲ ಕೆಲಸವಿದು. ನೀರಿನ ಮೇಲೆ ತೇಲುವ ಒಂದು ಬುಂಡೆ, ಅದರೊಳಗೆ ಅಯಸ್ಕಾಂತ, ಪಕ್ಕದಲ್ಲಿ ಪುಟ್ಟ ಸ್ವಿಚ್ಚು, ಡ್ರೈವರ್ ಎದುರಿಗೆ ಬಝರ್ ಮತ್ತು ಕೆಂಪು ದೀಪ. ಬುಂಡೆ ಇಳಿದರೆ ಬಝರ್ ಕೂಗಬೇಕು, ಅಷ್ಟೇ.

ಆದರೆ ಅಗ್ಗ ಅಂತ ಕಂಡದ್ದನ್ನೆಲ್ಲ ತಂದು ಸಿಕ್ಕಿಸಿದರೆ ಇದ್ದೂ ಇಲ್ಲದ ಹಾಗೆ. ಮನೆಯ ಮಾಳಿಗೆ ಟ್ಯಾಂಕಿನ ಪ್ಲಾಸ್ಟಿಕ್ ಬುಂಡೆ ಇಲ್ಲಿ ನಡೆಯದು. 100 ಡಿಗ್ರಿ ದಾಟುವ ಬಿಸಿಯನ್ನೂ ಒಳಗಿನ ಒತ್ತಡವನ್ನೂ ತಡೆಯುವಂಥದ್ದೇ ಬೇಕು. ಕೂರಿಸುವ ಜಾಗವೂ ಮುಖ್ಯ. ಪಕ್ಕದಲ್ಲಿ ನೇತಾಡುವ, ಉಕ್ಕಿದ ನೀರು ಹಿಡಿಯುವ ಬಾಟಲಿಯಲ್ಲಿ ಕೂರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಪೈಪ್ ಒಡೆದು ರೇಡಿಯೇಟರ್ ಬರಿದಾದರೂ ಆ ಬಾಟಲಿ ತುಂಬಿಯೇ ಇರಬಹುದು, ಬಝರ್ ಮೌನವ್ರತ ಹಿಡಿಯಬಹುದು. ಕೂರಿಸಬೇಕಾದದ್ದು ರೇಡಿಯೇಟರಿನ ಮೇಲಿನ ಟ್ಯಾಂಕಿನಲ್ಲಿ, ಇಲ್ಲವೇ ಒತ್ತಡದ ಮುಚ್ಚಳವಿರುವ ಹೆಡರ್ ಟ್ಯಾಂಕಿನಲ್ಲಿ.

ಇನ್ನೊಂದು ಗುಟ್ಟು ವೈರಿಂಗಿನಲ್ಲಿದೆ. ನೀರು ಇರುವಷ್ಟು ಹೊತ್ತು ಸ್ವಿಚ್ಚು ಕೂಡಿರಬೇಕು, ನೀರು ಇಳಿದಾಗ ಬಿಡಬೇಕು. ಹಾಗಿದ್ದರೆ ವೈರ್ ತುಂಡಾದರೂ ಬಝರ್ ಕೂಗುತ್ತದೆ. ತಿರುಗಾಮುರುಗಾ ಮಾಡಿದರೆ ಇಲಿ ವೈರ್ ಕಡಿದ ದಿನವೇ ಕಾವಲುಗಾರ ಸತ್ತ, ಯಾರಿಗೂ ಸುದ್ದಿಯಿಲ್ಲ! ತಿರುವುಗಳಲ್ಲಿ ನೀರು ತುಳುಕಿದ್ದಕ್ಕೆಲ್ಲ ಕೂಗದಂತೆ ಐದಾರು ಸೆಕೆಂಡು ತಡೆದು ಕೂಗುವ ಏರ್ಪಾಟೂ ಇರಲಿ. ಇಲ್ಲವಾದರೆ "ಇದ್ರ ಕಾಟ ಸಾಕಪ್ಪಾ" ಎಂದು ಡ್ರೈವರೇ ವೈರ್ ಕಿತ್ತು ಹಾಕುತ್ತಾನೆ.

ಸ್ಟೀಲ್ ಕಡ್ಡಿಯೊಂದನ್ನು ನೀರಿಗಿಳಿಸಿ, ನೀರಿನ ಮೂಲಕವೇ ಕರೆಂಟ್ ಹಾಯಿಸಿ ನೋಡುವ ಬಗೆಯೂ ಉಂಟು. ಅದು ತಪ್ಪಲ್ಲ. ಆದರೆ ಕಡ್ಡಿಗೆ ತುಕ್ಕು, ಕಿಟ್ಟ ಕಟ್ಟುತ್ತದೆ, ಆಗಾಗ ತೆಗೆದು ಉಜ್ಜಬೇಕು. ಉಜ್ಜುವವರು ಯಾರು ಎಂದು ಮಾಲೀಕರು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ.

ಗಂಟೆ ಕೂಗಿದ ಮೇಲೆ "ಇನ್ನೆರಡೇ ತಿರುವು, ಆಗುಂಬೆ ಮುಟ್ಟಿಸಿಬಿಡ್ತೀನಿ" ಅನ್ನುವ ಶೌರ್ಯ ಬೇಡ. ಗಾಡಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಆರುವ ತನಕ ಕಾಯುವುದೊಂದೇ ದಾರಿ. ದಿನಾ ಹಳ್ಳದ ನೀರು, ಬೋರ್‌ವೆಲ್ ನೀರು ತುಂಬಿಸಿ ರೇಡಿಯೇಟರಿನಲ್ಲಿ ಕಿಟ್ಟ ಕಟ್ಟಿಸುವ ಅಭ್ಯಾಸವೂ ನಿಲ್ಲಬೇಕು. ಕೂಲಂಟ್ ದುಬಾರಿ ಅನ್ನುವವರು ಹೆಡ್ ಕೆಲಸದ ಬಿಲ್ಲನ್ನು ಒಮ್ಮೆ ನೆನೆಯಲಿ.

ಬಸ್ಸಿಗೆ ಹೊಸ ಸ್ಪೀಕರೋ, ಬಣ್ಣದ ದೀಪದ ಸಾಲೋ ಅಂದರೆ ಮಾಲೀಕರ ಕೈ ಧಾರಾಳ. ಒಂದು ಬಝರಿಗೆ ಮಾತ್ರ ಜೇಬು ಹೊಲಿದುಕೊಂಡಿರುತ್ತದೆ. ಕಾನೂನು ಬಂದು ಕಿವಿ ಹಿಂಡುವ ತನಕ ಕಾಯಬೇಕೆ? ಮಾಲೀಕರ ಸಂಘದವರು ಒಂದು ಸಭೆಯಲ್ಲಿ ಕೂತು, ಘಾಟಿ ಹತ್ತುವ ಪ್ರತಿ ಗಾಡಿಗೂ ಇದು ಇರಲೇಬೇಕೆಂದು ತೀರ್ಮಾನಿಸಬಹುದು. ಬೆಳಿಗ್ಗೆ ಪೂಜೆಗೆ ಊದುಬತ್ತಿ ಹಚ್ಚುವ ಮುನ್ನ ಕ್ಲೀನರ್ ಹುಡುಗ ಆ ವೈರ್ ಬಿಚ್ಚಿ ನೋಡಲಿ. ಬಝರ್ ಕೂಗಿದರೆ ಸಿಕ್ಕಿಸಿ ಹೊರಡಲಿ, ಕೂಗದಿದ್ದರೆ ಗ್ಯಾರೇಜಿಗೆ ಹೋಗಲಿ.

ಪ್ರಯಾಣಿಕರು ಪೂರ್ತಿ ಟಿಕೆಟ್ ಕೊಟ್ಟಿರುವುದು ಆಗುಂಬೆ ತನಕ, ಏಳನೇ ತಿರುವಿನ ತನಕ ಅಲ್ಲ. ಸಂಬಂಧಪಟ್ಟವರಿಗೆ ಇಷ್ಟು ಸಾಕೋ, ಇನ್ನೊಂದು ಎಂಜಿನ್ ಸೀಜ್ ಆಗಬೇಕೋ?