ವೀಸಾ ಬೇಡ ಅಂದ್ರು, ನಾವು ವಿಮೆಯನ್ನೂ ಬಿಟ್ಟೆವು: ಅಗ್ಗದ ವಿದೇಶ ಪ್ರವಾಸದ ದುಬಾರಿ ಲೆಕ್ಕ

ದಸರಾ ರಜೆ ಇರಲಿ, ವರ್ಷದ ಕೊನೆಯ ರಜೆ ಇರಲಿ, ಈಗ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋದು ಊಟಿ, ಕೊಡೈಕೆನಾಲ್ ಪ್ಯಾಕೇಜುಗಳಷ್ಟೇ ಅಲ್ಲ. 'ಥಾಯ್ಲೆಂಡ್ 4 ರಾತ್ರಿ 5 ಹಗಲು', 'ಬಾಲಿ ಹನಿಮೂನ್ ಸ್ಪೆಷಲ್', 'ವಿಯೆಟ್ನಾಂ ಗ್ರೂಪ್ ಟೂರ್, ನಮ್ಮದೇ ಅಡುಗೆಯವರು'. ಅಮೆರಿಕದಲ್ಲಿ ಮಗನೋ ಮಗಳೋ ಇದ್ದವರು ಮಾತ್ರ ವಿಮಾನ ಹತ್ತುತ್ತಿದ್ದ ಕಾಲ ಹೋಯಿತು. ದಾವಣಗೆರೆಯ ಬಟ್ಟೆ ಅಂಗಡಿಯವರು, ಹಾಸನದ ಮೇಷ್ಟ್ರು, ಹುಬ್ಬಳ್ಳಿಯ ಹೊಸ ಜೋಡಿ ಎಲ್ಲರೂ ಹೊರಟಿದ್ದಾರೆ. ಇದು ಖುಷಿಪಡಬೇಕಾದ ಸಂಗತಿ. ಸಾಲ ಮಾಡಿ ಯಾಕೆ ಹೋಗ್ತೀರಿ ಎಂದು ಬುದ್ಧಿ ಹೇಳುವ ಲೇಖನ ಇದಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಅಲ್ಲಿ ಏನಾದರೂ ಹೆಚ್ಚು ಕಡಿಮೆ ಆದರೆ ಯಾರು ಹೊಣೆ? ಟಿಕೆಟ್ ಮಾರಿದವರಾ, ಪ್ಯಾಕೇಜ್ ಮಾಡಿಕೊಟ್ಟವರಾ, ಸರ್ಕಾರವಾ? ಈಗಿನ ವ್ಯವಸ್ಥೆಯಲ್ಲಿ ಉತ್ತರ ಒಂದೇ: ನೀವು, ನಿಮ್ಮ ಕುಟುಂಬ.

ವೀಸಾ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟಿತು. ಮರುತಿಂಗಳೇ ಮಲೇಷ್ಯಾ ಅದನ್ನೇ ಮಾಡಿತು. ಇಂಡೋನೇಷ್ಯಾ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುತ್ತದೆ, ವಿಯೆಟ್ನಾಂಗೆ ಆನ್‌ಲೈನ್ ವೀಸಾ ಸಾಕು, ನೇಪಾಳಕ್ಕೆ ಅದೂ ಬೇಡ. 2024ರಲ್ಲಿ ಥಾಯ್ಲೆಂಡ್ ಒಂದಕ್ಕೇ 20 ಲಕ್ಷಕ್ಕೂ ಹೆಚ್ಚು ಭಾರತೀಯರು ಹೋಗಿ ಬಂದರು.

ಇನ್ನೊಂದು ಕಡೆ ಯುರೋಪ್ ನೋಡಿ. ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆ, ರೋಗಿಯನ್ನು ಊರಿಗೆ ಕರೆತರುವ ಖರ್ಚು, ತೀರಿಕೊಂಡರೆ ಮೃತದೇಹ ತರುವ ಖರ್ಚು ಎಲ್ಲವೂ ಅದರಲ್ಲಿ ಇರಬೇಕು. ವಿಮೆ ಇಲ್ಲದ ಅರ್ಜಿಗೆ ವೀಸಾ ಸಿಗುವುದಿಲ್ಲ. ಹಾಗಾಗಿ ಸ್ವಿಟ್ಜರ್ಲೆಂಡಿಗೆ ಹೋಗುವವರ ಹತ್ತಿರ, ಅವರು ಓದಿರಲಿ ಬಿಡಲಿ, ಪಾಲಿಸಿಯ ಕಾಗದ ಒಂದು ಇರುತ್ತದೆ.

ಅಂದರೆ ನಮ್ಮ ಜನ ವಿಮೆ ಮಾಡಿಸುತ್ತಿದ್ದುದು ಮುನ್ನೆಚ್ಚರಿಕೆಯಿಂದ ಅಲ್ಲ, ವೀಸಾ ಕಚೇರಿ ಕೇಳುತ್ತಿತ್ತು ಅಂತ. ಕೇಳುವವರು ಇಲ್ಲದಾಗ ವಿಮೆಯೂ ಪಟ್ಟಿಯಿಂದ ಬಿದ್ದುಹೋಯಿತು. ವಿಚಿತ್ರ ಏನು ಗೊತ್ತಾ? ರೈಲು, ಫುಟ್‌ಪಾತ್, ಆಂಬ್ಯುಲೆನ್ಸ್ ಎಲ್ಲ ನೆಟ್ಟಗಿರುವ ದೇಶಕ್ಕೆ ವಿಮೆ ಇಟ್ಟುಕೊಂಡು ಹೋಗುತ್ತೇವೆ. ಬಾಡಿಗೆ ಸ್ಕೂಟರ್, ಸಮುದ್ರ, ದೋಣಿ, ತಡರಾತ್ರಿಯ ಪಾರ್ಟಿ ಇರುವ ಕಡೆಗೆ ಬರಿಗೈಯಲ್ಲಿ ಹೋಗುತ್ತೇವೆ.

ಅಪಾಯ ಎಲ್ಲಿದೆ?

ವಿದೇಶ ಅಂದ ತಕ್ಷಣ ನಮ್ಮ ಭಯ ನೀರು, ಊಟ, ಹೊಸ ಕಾಯಿಲೆಗಳ ಸುತ್ತ ತಿರುಗುತ್ತದೆ. ಹೊಟ್ಟೆ ಕೆಡುವುದು ಪ್ರವಾಸದಲ್ಲಿ ಅತಿ ಸಾಮಾನ್ಯ ತೊಂದರೆ ನಿಜ. ಆದರೆ ಪ್ರವಾಸಿಗರ ಸಾವಿಗೆ ಮುಖ್ಯ ಕಾರಣ ಸೋಂಕು ಅಲ್ಲ. ಹೃದಯದ ಕಾಯಿಲೆ ಮತ್ತು ಅಪಘಾತ, ಅದರಲ್ಲೂ ರಸ್ತೆ ಮತ್ತು ನೀರಿನ ಅಪಘಾತ.

ಸ್ಕೂಟರ್‌ನಿಂದಲೇ ಶುರು ಮಾಡೋಣ. ಥಾಯ್ಲೆಂಡಿನಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನದವರು. ಫುಕೆಟ್‌ನಲ್ಲಾಗಲಿ ಬಾಲಿಯಲ್ಲಾಗಲಿ ಬಾಡಿಗೆ ಅಂಗಡಿಯವರು ಎಷ್ಟೋ ಸಲ ಲೈಸೆನ್ಸ್ ಕೇಳುವುದೇ ಇಲ್ಲ. ಅವರು ಕೇಳಲಿಲ್ಲ ಅಂದ ಮಾತ್ರಕ್ಕೆ ಕಾನೂನು ಕೇಳುವುದಿಲ್ಲ ಎಂದಲ್ಲ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಇರಬೇಕು. ನಮ್ಮ ಆರ್‌ಟಿಒಗಳೇ ಇದನ್ನು ಕೊಡುತ್ತವೆ, ಸರ್ಕಾರಿ ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸ್‌ನಲ್ಲಿ ಕಾರು ಮಾತ್ರ ಇದ್ದರೆ ಐಡಿಪಿಯಲ್ಲೂ ಕಾರು ಮಾತ್ರ, ಬೈಕ್ ಓಡಿಸುವ ಹಾಗಿಲ್ಲ. ಇದರಲ್ಲೂ ಒಂದು ತೊಡಕಿದೆ. ಭಾರತದ ಐಡಿಪಿ 1949ರ ಜಿನೀವಾ ಒಪ್ಪಂದದ ಮಾದರಿಯದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಹಾಗಾಗಿ ಹನೋಯ್‌ನ ಬೀದಿಯಲ್ಲಿ ಬಾಡಿಗೆ ಬೈಕ್ ಏರುವ ಭಾರತೀಯರು ಐಡಿಪಿ ಇದ್ದರೂ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದವರೇ. ಅಪಘಾತವಾದರೆ ದಂಡದ ಮಾತು ಆಮೇಲೆ, ವಿಮಾ ಕಂಪನಿ ಮೊದಲು ನೋಡುವುದು ಇದನ್ನೇ. ಪರವಾನಗಿ ಇಲ್ಲ ಅಂದರೆ ಕ್ಲೇಮ್ ಇಲ್ಲ.

ಇನ್ನು ಸಮುದ್ರ. ಜೂನ್, ಜುಲೈನಲ್ಲಿ ಫುಕೆಟ್, ಕ್ರಾಬಿ ಪ್ಯಾಕೇಜ್ ಯಾಕೆ ಅಷ್ಟು ಅಗ್ಗ ಅಂತ ಯಾರಾದರೂ ಯೋಚಿಸಿದ್ದೀರಾ? ನಮ್ಮ ಕರಾವಳಿಯಲ್ಲಿ ಕಡಲನ್ನು ಎಬ್ಬಿಸುವ ನೈರುತ್ಯ ಮುಂಗಾರೇ ಅಲ್ಲಿಯ ಅಂಡಮಾನ್ ಕಡಲನ್ನೂ ಎಬ್ಬಿಸುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿನ ಬೀಚುಗಳಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬಾರದು ಎಂದರ್ಥ. 2018ರ ಜುಲೈನಲ್ಲಿ ಫುಕೆಟ್ ಬಳಿ ಬಿರುಗಾಳಿಗೆ ಸಿಕ್ಕ ಪ್ರವಾಸಿ ದೋಣಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಮುರುಡೇಶ್ವರ, ಗೋಕರ್ಣದಲ್ಲಿ ಮಳೆಗಾಲದಲ್ಲಿ ನೀರಿಗಿಳಿಯಬೇಡಿ ಎಂದು ಮಕ್ಕಳನ್ನು ಗದರುವ ನಾವು, ಅದೇ ಮುಂಗಾರಿನಲ್ಲಿ ಅಲ್ಲಿ ಲೈಫ್ ಜಾಕೆಟ್ ಇಲ್ಲದೆ ಸ್ಪೀಡ್ ಬೋಟ್ ಹತ್ತುತ್ತೇವೆ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಈಜು ಬಾರದಿದ್ದರೆ ಮೊಣಕಾಲುದ್ದದ ನೀರೇ ನಿಮ್ಮ ಗಡಿ.

ಮೂರನೆಯದು ಮದ್ಯ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಯುವಜನರು. ಕರ್ನಾಟಕಕ್ಕೆ ಈ ವಿಷ ಹೊಸದಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಮೆಥನಾಲ್. ಆದರೆ ಕಳ್ಳಭಟ್ಟಿ ಬಡವರ ಸಮಸ್ಯೆ, ಬಣ್ಣದ ದೀಪದ ಕೆಳಗೆ ಗ್ಲಾಸಿನಲ್ಲಿ ಕೊಟ್ಟ ಕಾಕ್‌ಟೇಲ್‌ಗೆ ಅದು ಸಂಬಂಧವಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಮೆಥನಾಲ್‌ಗೆ ಬೇರೆ ರುಚಿ ಇಲ್ಲ, ಬೇರೆ ವಾಸನೆಯೂ ತಿಳಿಯುವುದಿಲ್ಲ. ಲಕ್ಷಣಗಳು ಅರ್ಧ ದಿನ, ಒಂದು ದಿನ ಕಳೆದು ಬರಬಹುದು. ಹ್ಯಾಂಗೋವರ್ ಇರಬೇಕು ಅಂತ ಮಲಗಿಬಿಟ್ಟರೆ ಕಥೆ ಮುಗಿಯಿತು. ಕಣ್ಣು ಮಂಜಾಗುವುದು, ಎದುರಿಗೆ ಹಿಮ ಸುರಿದಂತೆ ಕಾಣುವುದು, ಉಸಿರು ಜೋರಾಗುವುದು ಕಂಡರೆ ಒಂದು ಗಂಟೆಯೂ ಕಾಯದೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಬೇಕು. ಕುಡಿಯುವವರು ಸೀಲ್ ಒಡೆಯದ ಬಾಟಲಿ, ಕ್ಯಾನ್ ಮಾತ್ರ ತೆಗೆದುಕೊಳ್ಳಿ. ಬಕೆಟ್‌ನಲ್ಲಿ ಬೆರೆಸಿ ಕೊಡುವುದು, 'ಫ್ರೀ ಶಾಟ್' ಬೇಡವೇ ಬೇಡ.

ಮಕ್ಕಳು ಮರಿ ಕಟ್ಟಿಕೊಂಡು ಹೋಗುವ, ಕುಡಿಯದ, ಬೈಕ್ ಓಡಿಸದ ಕುಟುಂಬಗಳಿಗೂ ಅಪಾಯ ಇಲ್ಲ ಎಂದಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಕೇರಳದ ಎಂಟು ಪ್ರವಾಸಿಗರು, ಅದರಲ್ಲಿ ನಾಲ್ವರು ಮಕ್ಕಳು, ನಿದ್ದೆಯಲ್ಲೇ ಕೊನೆಯುಸಿರೆಳೆದರು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿಕೊಂಡು ಕಿಟಕಿ ಬಾಗಿಲು ಮುಚ್ಚಿ ಮಲಗಿದ್ದ ಕೋಣೆ ಅದು. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ದೇವಸ್ಥಾನದ ಕೋತಿ ಪರಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಬೇಕು, ಬೆಂಗಳೂರಿಗೆ ಹೋದ ಮೇಲೆ ನೋಡೋಣ ಅನ್ನುವಂತಿಲ್ಲ.

ಗಸಗಸೆ, ಕೆಮ್ಮಿನ ಸಿರಪ್ ಮತ್ತು ಹಳದಿ ಜ್ವರ

ಕೆಲವು ತೊಂದರೆಗಳು ನಮ್ಮ ಸೂಟ್‌ಕೇಸಿನೊಳಗೇ ಇರುತ್ತವೆ. ದುಬೈನಲ್ಲಿರುವ ತಂಗಿಗೆ ಅಂತ ಅಮ್ಮ ಕಟ್ಟಿಕೊಡುವ ಗಸಗಸೆ ಪೊಟ್ಟಣ ಯುಎಇಯಲ್ಲಿ ನಿಷಿದ್ಧ ವಸ್ತು. ನಮಗೆ ಅದು ಪಾಯಸದ ಸಾಮಾನು, ಅಲ್ಲಿಯ ಕಾನೂನಿಗೆ ಅಫೀಮು ಗಿಡದ ಬೀಜ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗೆ ಅಲ್ಲಿನ ಆರೋಗ್ಯ ಸಚಿವಾಲಯದ ಮುಂಚಿನ ಅನುಮತಿ ಬೇಕು. ಬಿಪಿ, ಶುಗರ್ ಮಾತ್ರೆಗಳನ್ನೂ ಬಿಡಿಸಿ ಡಬ್ಬಿಗೆ ಹಾಕಬೇಡಿ. ಮೂಲ ಪ್ಯಾಕೆಟ್, ಔಷಧಿಯ ರಾಸಾಯನಿಕ ಹೆಸರು ಬರೆದ ಚೀಟಿ ಜೊತೆಗಿರಲಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಲಗೇಜ್ ತಪ್ಪಿಹೋದರೆ ಇನ್ಸುಲಿನ್‌ಗೆ ಪರದಾಡುವ ಹಾಗಾಗಬಾರದು.

ಮಸಾಯ್ ಮಾರಾ ಸಫಾರಿಗೆ ಕೀನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ, ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಇಲ್ಲದೆ ಮರಳಿದರೆ ಇಲ್ಲಿಯೇ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಆ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ವೈರಸ್ ಮಾತ್ರ ಇಲ್ಲ. ಅದಕ್ಕೇ ಈ ಬಿಗಿ. 60 ದಾಟಿದವರು ಈ ಲಸಿಕೆಗೆ ಮೊದಲು ವೈದ್ಯರನ್ನು ಕೇಳಲೇಬೇಕು.

ಪಾಲಿಸಿ ಇದ್ದರೆ ಸಾಕಾ?

ಸಾಕಾಗಲ್ಲ. ಪ್ಯಾಕೇಜ್ ಜೊತೆ ಉಚಿತವಾಗಿ ಬರುವ ವಿಮೆಯಲ್ಲಿ ಲಗೇಜ್ ಕಳೆದರೆ ಎಷ್ಟು, ವಿಮಾನ ತಡವಾದರೆ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ನೋಡಬೇಕಾದದ್ದು ಬೇರೆ. ಆಸ್ಪತ್ರೆ ಖರ್ಚಿಗೆ ಎಷ್ಟು ಮೊತ್ತ? ಊರಿಗೆ ಕರೆತರುವ ಖರ್ಚು ಸೇರಿದೆಯಾ? ಮೊದಲೇ ಇರುವ ಕಾಯಿಲೆಗೆ ಏನು ಷರತ್ತು? ಸ್ಕೂಬಾ, ಪ್ಯಾರಾಸೇಲಿಂಗ್‌ನಂಥ ಸಾಹಸಗಳು ಒಳಗಾ ಹೊರಗಾ? ಕುಡಿದಿದ್ದಾಗ ಆದ ಅಪಘಾತವನ್ನು ಬಹುತೇಕ ಪಾಲಿಸಿಗಳು ಒಪ್ಪುವುದಿಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮಾಡುವ ಒಂದು ತಪ್ಪು, ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ ಬಿಪಿ, ಶುಗರ್, ಹಳೆಯ ಸ್ಟೆಂಟ್ ವಿಷಯ ಮುಚ್ಚಿಡುವುದು. ಬೇಕಾದಾಗಲೇ ಆ ಪಾಲಿಸಿ ಕೈಕೊಡುತ್ತದೆ. ಇನ್ನೊಂದು, ಆಸ್ಪತ್ರೆಗೆ ಸೇರಿದ ಕೂಡಲೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನ್ ಮಾಡಬೇಕು. ಹಣ ಕಟ್ಟುತ್ತೇವೆ ಎಂದು ಅವರು ಖಾತರಿ ಕೊಟ್ಟರೆ ಅಲ್ಲಿನ ಖಾಸಗಿ ಆಸ್ಪತ್ರೆ ನಿಮ್ಮನ್ನು ಲಕ್ಷಗಟ್ಟಲೆ ಠೇವಣಿ ಕೇಳದೆ ಇರಬಹುದು.

ತೆರಿಗೆಗೆ ಲೆಕ್ಕ ಇದೆ, ಜೀವಕ್ಕೆ?

ಇಷ್ಟೆಲ್ಲ ಎಚ್ಚರ ಪ್ರವಾಸಿಗರೇ ವಹಿಸಬೇಕು, ನಿಜ. ಆದರೆ ಎಲ್ಲವನ್ನೂ ಅವರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯಲ್ಲ.

2020ರ ಅಕ್ಟೋಬರ್‌ನಿಂದ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಗ್ರಾಹಕರಿಂದ ಟಿಸಿಎಸ್, ಅಂದರೆ ಮೂಲದಲ್ಲೇ ತೆರಿಗೆ, ವಸೂಲಿ ಮಾಡಬೇಕು. ಪ್ಯಾನ್ ನಂಬರ್ ಸಮೇತ ಅದು ಸರ್ಕಾರಕ್ಕೆ ಹೋಗುತ್ತದೆ. ಯಾರು, ಎಷ್ಟು ಹಣ ಕೊಟ್ಟು ಹೊರಟಿದ್ದಾರೆ ಎಂಬುದು ಸರ್ಕಾರಕ್ಕೆ ಗೊತ್ತು. ಅದೇ ಕೌಂಟರಿನಲ್ಲಿ 'ಇವರಿಗೆ ವಿಮೆ ಇದೆಯಾ' ಎಂದು ಒಂದು ಪ್ರಶ್ನೆ ಕೇಳುವ ನಿಯಮ ಮಾತ್ರ ಇಲ್ಲ.

ನಮ್ಮ ಸರ್ಕಾರಕ್ಕೆ ಇದು ಹೊಸ ಕಲ್ಪನೆಯೂ ಅಲ್ಲ. ಗಲ್ಫ್ ಮುಂತಾದ ಕಡೆ ಕೂಲಿಗೆ ಹೋಗುವ, ಇಸಿಆರ್ ಪಾಸ್‌ಪೋರ್ಟ್ ಇರುವ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ. ತಿಂಗಳ ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳಿಸುವ ಕಾರ್ಮಿಕರಿಗೆ ಸಾಧ್ಯವಾದದ್ದು, ಪ್ಯಾಕೇಜಿಗೆ ಅರ್ಧ ಲಕ್ಷ ಕೊಡುವವರಿಗೆ ಯಾಕೆ ಸಾಧ್ಯವಿಲ್ಲ?

ಕೊನೆಗೆ ರಾಯಭಾರ ಕಚೇರಿ ಇದೆಯಲ್ಲ ಅನ್ನುವವರಿದ್ದಾರೆ. ಕಷ್ಟದಲ್ಲಿರುವ ಭಾರತೀಯರಿಗಾಗಿ 2009ರಲ್ಲಿ ಶುರುವಾದ ಸಮುದಾಯ ಕಲ್ಯಾಣ ನಿಧಿ ಇದೆ. ತುರ್ತು ಚಿಕಿತ್ಸೆಗೆ, ಮೃತದೇಹ ಕಳಿಸಲು ಅದರಲ್ಲಿ ಅವಕಾಶ ಇದೆ. ಆದರೆ ಅದು ಸಿಗುವುದು ಆರ್ಥಿಕ ಸ್ಥಿತಿ ನೋಡಿ, ತೀರಾ ಅರ್ಹರಿಗೆ. ರಜೆಗೆ ಹೋದ ಮಧ್ಯಮವರ್ಗದ ಕುಟುಂಬ ಅದನ್ನೇ ನೆಚ್ಚಿಕೊಳ್ಳಲು ಬರುವುದಿಲ್ಲ. ಮೃತದೇಹ ತರಬೇಕೆಂದರೆ ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣೆ, ರದ್ದಾದ ಪಾಸ್‌ಪೋರ್ಟ್ ಎಲ್ಲ ಬೇಕು. ಭಾಷೆ ಬಾರದ ಊರಿನಲ್ಲಿ, ದುಃಖದ ನಡುವೆ ಈ ಕಾಗದಗಳ ಹಿಂದೆ ಓಡಬೇಕಾದವರು ಮನೆಯವರೇ. ಹಣಕ್ಕೆ ಫೇಸ್‌ಬುಕ್‌ನಲ್ಲಿ ಕ್ಯೂಆರ್ ಕೋಡ್ ಹಾಕುವ ಪರಿಸ್ಥಿತಿ ಬರುವುದು ಹೀಗೆ.

ಆಗಬೇಕಾದದ್ದು ದೊಡ್ಡದೇನಲ್ಲ. ವಿದೇಶ ಪ್ಯಾಕೇಜ್ ಮಾರುವವರು ಕನಿಷ್ಠ ಮೊತ್ತದ ವೈದ್ಯಕೀಯ ವಿಮೆ ಸೇರಿಸಿಯೇ ಮಾರಬೇಕು ಎಂಬ ನಿಯಮ. ಪಾಲಿಸಿಯ ಹೊರಗಿಟ್ಟ ಅಂಶಗಳು ಕನ್ನಡದಲ್ಲಿ, ಒಂದು ಪುಟದಲ್ಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಪ್ರವಾಸಿಗರಿಗೆ ಸಲಹೆ, ಲಸಿಕೆ. ಆರ್‌ಟಿಒ ಐಡಿಪಿ ಕೊಡುವಾಗ ಅದು ಯಾವ ದೇಶಗಳಲ್ಲಿ ನಡೆಯುವುದಿಲ್ಲ ಎಂಬ ಪಟ್ಟಿ. ಇದರಲ್ಲಿ ಯಾವುದಕ್ಕೂ ಹೊಸ ಇಲಾಖೆ ಬೇಕಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಟಿಕೆಟ್ ಬುಕ್ ಮಾಡಿದ ದಿನವೇ ವಿಮೆ ಮಾಡಿಸಿ. ನೆರೆಯ ದೇಶಗಳಿಗೆ ಒಂದು ವಾರದ ಪಾಲಿಸಿ ಯುವಜನರಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಪಾಲಿಸಿ, ಪಾಸ್‌ಪೋರ್ಟ್ ಪ್ರತಿ ಮನೆಯಲ್ಲಿ ಒಬ್ಬರ ಹತ್ತಿರ ಇರಲಿ. ಅಲ್ಲಿನ ತುರ್ತು ಸಂಖ್ಯೆ ಫೋನಿನಲ್ಲಿರಲಿ, ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರಿಗೆ 1155, ಆಂಬ್ಯುಲೆನ್ಸ್‌ಗೆ 1669. ಬಾಡಿಗೆ ಗಾಡಿಗೆ ಅಡವಾಗಿ ಪಾಸ್‌ಪೋರ್ಟ್ ಬಿಟ್ಟು ಬರಬೇಡಿ. ಪ್ಯಾಕೇಜ್ ತಂದುಕೊಟ್ಟ ಏಜೆಂಟರನ್ನು 'ಬ್ರೇಕ್‌ಫಾಸ್ಟ್ ಇದೆಯಾ' ಅಂತ ಕೇಳುವ ಮೊದಲು 'ಆಸ್ಪತ್ರೆ ಖರ್ಚು ಯಾರು ಕೊಡ್ತಾರೆ' ಅಂತ ಕೇಳಿ. ಉತ್ತರ ಬರದಿದ್ದರೆ ಆ ಪ್ಯಾಕೇಜ್ ಎಷ್ಟೇ ಅಗ್ಗವಾಗಿದ್ದರೂ ಬೇಡ.